ಕಲಿಯುತ್ತಾ ಬಂದಿದ್ದಾರೆ

ಇಂಗ್ಲಿಷ್ ಬರುವವರು ನಮ್ಮಲ್ಲಿದ್ದಾರೆ, ಬಾರದವರೂ ಇದ್ದಾರೆ. ಈ ಎರಡೂ ಪಂಗಡಕ್ಕೆ ಸೇರದ ಮೂರನೆಯ ಬಳಗವೊಂದುಂಟು: ಇಂಗ್ಲಿಷ್ ಕಲಿಯುತ್ತಿರುವವರು. ವಯಸ್ಸು ಇಪ್ಪತ್ತೆರಡೂ ಇರಬಹುದು, ಐವತ್ತೆರಡೂ ಇರಬಹುದು. ಇವರ ಮನೆಯಲ್ಲಿ ದೇವರ ಪಟದಷ್ಟೇ ಖಾಯಮ್ಮಾಗಿ, ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಬಗೆಯ ಪುಸ್ತಕವೊಂದಿರುತ್ತದೆ. ಮೊದಲ ಒಂಬತ್ತು ದಿನಗಳ ಪುಟಗಳು ಕೈತಾಗಿ ಮಾಸಿರುತ್ತವೆ. ಹತ್ತನೆಯ ದಿನದಿಂದಾಚೆಗೆ ಅಚ್ಚಿನ ವಾಸನೆ ಹಾಗೇ ಉಳಿದಿರುತ್ತದೆ. ಪಕ್ಕದಲ್ಲಿ 1930ರ ದಶಕದಿಂದ ನಮ್ಮ ದೇಶದ ಮಕ್ಕಳನ್ನು ಹೆದರಿಸುತ್ತಾ ಬಂದಿರುವ ರೆನ್ ಅಂಡ್ ಮಾರ್ಟಿನ್ ವ್ಯಾಕರಣ. ಮೊಬೈಲಿನಲ್ಲಿ ದಿನಕ್ಕೈದು ಪದ ಕಲಿಸುವ ಆ್ಯಪು. ಇವರ ಸ್ಥಿತಿಗೆ ಹೇಳಿ ಮಾಡಿಸಿದ ಕಾಲವೊಂದು ಇಂಗ್ಲಿಷ್ ವ್ಯಾಕರಣದಲ್ಲೇ ಇದೆ: ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್. ಹಿಂದೆಂದೋ ಶುರುವಾಗಿ ಇಂದಿಗೂ ನಡೆಯುತ್ತಲೇ ಇರುವ ಕ್ರಿಯೆ. ಉದಾಹರಣೆಗೆ ತಡಕಾಡುವ ಮೇಷ್ಟರು ಇವರನ್ನೇ ಎದ್ದು ನಿಲ್ಲಿಸಬಹುದು.

ಇಂಥವರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಮಾತನ್ನು, ಸ್ವತಃ ಅವರೇ ಹೇಳಿದರೂ, ನಂಬಬಾರದು. ‘ಲೋನ್ ಸ್ಯಾಂಕ್ಷನ್ ಆಗಿದೆ, ಮ್ಯಾನೇಜರ್ ಸೈನ್ ಒಂದು ಪೆಂಡಿಂಗು, ಸರ್ವರ್ ಡೌನ್ ಅಂತ ನಾಳೆ ಬರೋಕೆ ಹೇಳಿದ್ರು’ ಎಂದು ಮನೆಯಲ್ಲಿ ಒಂದೇ ಉಸಿರಿಗೆ ವರದಿ ಒಪ್ಪಿಸುವವರು ತಾವು ಕನ್ನಡವನ್ನೇ ಆಡಿದೆವೆಂದು ತಿಳಿದಿರುತ್ತಾರೆ. ಅವರ ಲೆಕ್ಕದಲ್ಲಿ ಈ ಪದಗಳಿಗೆ ಬೆಲೆಯಿಲ್ಲ, ಕಷ್ಟಪಡದೆ ಬಂದವಲ್ಲ! ನೂರು ವರ್ಷದ ಹಿಂದೆಯೇ ನಾಟಕಕಾರ ಕೈಲಾಸಂ ಇಂಗ್ಲಿಷ್ ಪದಗಳಿಗೆ ಕನ್ನಡದ ಪ್ರತ್ಯಯ ತೊಡಿಸಿ ರಂಗದ ಮೇಲೆ ಓಡಾಡಿಸಿದ್ದರು. ಅರ್ಥವಾದದ್ದರಿಂದಲೇ ಜನ ನಕ್ಕರು. ಆದರೆ ನಮ್ಮವರ ನೋಟ್‌ಬುಕ್ಕಿನಲ್ಲಿ ಜಾಗ ಸಿಗುವುದು ಮೇಲ್ದರ್ಜೆಯ ಪದಗಳಿಗೆ: ಯುಬಿಕ್ವಿಟಸ್, ಸೆರೆಂಡಿಪಿಟಿ. ಸಂಪಾದಕೀಯದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಆರಿಸಿದ ಇವು ಮದುವೆ ಸೀರೆಗಳಿದ್ದ ಹಾಗೆ. ಆಗಾಗ ಬೀರುವಿನಿಂದ ತೆಗೆದು ಗಾಳಿಗೆ ಹರವಬಹುದು, ಉಟ್ಟು ಹೋಗಲು ಜಾಗವಿಲ್ಲ. ಸೌಟಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಮಗು ಕೇಳಿದರೆ ‘ಬಿಗ್ ಸ್ಪೂನ್’ ಎನ್ನುತ್ತಾರೆ. (ತಪ್ಪೇನಿಲ್ಲ. ಸಾರು ಬಡಿಸಲು ಅಷ್ಟು ಸಾಕು.)

ಇನ್ನು ಟೆನ್ಸು. ಕೋಚಿಂಗ್ ಸೆಂಟರಿನ ಗೋಡೆಯ ಮೇಲೆ ಹನ್ನೆರಡು ಮನೆಗಳ ಚಾರ್ಟು ತೂಗುತ್ತಿರುತ್ತದೆ. ಜಾತಕದ ಕುಂಡಲಿಗೂ ಹನ್ನೆರಡೇ ಮನೆ. ಯಾವ ಕ್ರಿಯಾಪದ ಯಾವ ಮನೆಯಲ್ಲಿ ಕೂತರೆ ಶುಭ, ಎಲ್ಲಿ ಕೂತರೆ ಕಂಟಕ ಎಂದು ಇವರು ಗುಣಾಕಾರ ಹಾಕುವಷ್ಟರಲ್ಲಿ ಎದುರಿಗಿದ್ದವರು ಮಾತು ಮುಗಿಸಿ ಕಾಫಿಗೆ ಹೋಗಿರುತ್ತಾರೆ. ವಿಚಿತ್ರವೆಂದರೆ ಕಾಲದ ವಿಷಯದಲ್ಲಿ ಕನ್ನಡಿಗನಷ್ಟು ಧೈರ್ಯವಂತ ಸಿಗುವುದು ಕಷ್ಟ. ಬಸ್ಸು ಇನ್ನೂ ದೂರದ ತಿರುವಿನಲ್ಲಿರುವಾಗಲೇ ‘ಬಸ್ ಬಂತು’ ಎನ್ನುತ್ತಾನೆ. ಸೋಫಾದಿಂದ ಏಳದೆ ಫೋನಿನಲ್ಲಿ ‘ಬಂದೆ ಬಂದೆ, ಎರಡೇ ನಿಮಿಷ’ ಎಂದು ಮುಂದೆ ಆಗಬೇಕಾದ್ದನ್ನು ಭೂತಕಾಲಕ್ಕೆ ತಳ್ಳಿ ನಿಶ್ಚಿಂತನಾಗುತ್ತಾನೆ. ‘ಮಾಡ್ತೀನಿ’ ಎಂಬ ಒಂದೇ ರೂಪ ದಿನವೂ ಮಾಡುವುದಕ್ಕೂ ಆಗುತ್ತದೆ, ನಾಳೆ ಮಾಡುವುದಕ್ಕೂ ಆಗುತ್ತದೆ, ಎಂದೂ ಮಾಡದಿರುವುದಕ್ಕೂ ಆಗುತ್ತದೆ. ಬೇಕು, ಬೇಡ, ಸಾಕು, ಗೊತ್ತು ಎಂಬ ನಾಲ್ಕು ಮಾತುಗಳಲ್ಲಿ ಅರ್ಧ ಸಂಸಾರವೇ ನಡೆದುಹೋಗುತ್ತದೆ. ಅವಂತೂ ತಾವಾಗಿ ಕಾಲಪ್ರತ್ಯಯವನ್ನೇ ಹಚ್ಚಿಕೊಳ್ಳುವುದಿಲ್ಲ. ಇಷ್ಟೆಲ್ಲ ದಕ್ಕಿಸಿಕೊಂಡವರು ಶ್ಯಾಲ್ ಮತ್ತು ವಿಲ್‌ಗಳ ನಡುವೆ ಸಿಕ್ಕಿಕೊಂಡು ಬೆವರುತ್ತಾರೆ.

ಆ ಧೈರ್ಯ ಇಂಗ್ಲಿಷಿನ ಮುಂದೆ ಮಾತ್ರ ಎಲ್ಲಿ ಅಡಗುತ್ತದೆ? ಇದೇ ವ್ಯಕ್ತಿ ಬೆಂಗಳೂರಿನ ಸಂತೆಬೀದಿಯಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡಿ, ತೆಲುಗಿನಲ್ಲಿ ಜಗಳವಾಡಿ, ಉತ್ತರದಿಂದ ಬಂದ ಬಡಗಿಗೆ ಹಿಂದಿಯಲ್ಲಿ ಬಾಗಿಲಿನ ಅಳತೆ ವಿವರಿಸುತ್ತಾರೆ. ಹಿಂದಿಯ ಬಾಗಿಲು ಗಂಡೋ ಹೆಣ್ಣೋ ಎಂದು ಅವರು ಯೋಚಿಸುವುದಿಲ್ಲ, ಬಡಗಿಯೂ ಕೇಳುವುದಿಲ್ಲ, ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುತ್ತದೆ. ಕಾರಣ ಬಹಳ ಗುಟ್ಟಿನದಲ್ಲ. ಆ ಭಾಷೆಗಳು ಕಿವಿಯಿಂದ ಬಂದವು, ಇಂಗ್ಲಿಷ್ ಕೆಂಪು ಇಂಕಿನಿಂದ ಬಂತು. ಹಿಂದಿಯೂ ಶಾಲೆಯಲ್ಲಿ ತೃತೀಯ ಭಾಷೆಯಾಗಿತ್ತಲ್ಲ ಎನ್ನಬಹುದು. ಇತ್ತು, ಆದರೆ ಅದರ ತಪ್ಪು ಪರೀಕ್ಷೆಯ ಹಾಲಿನಲ್ಲೇ ಉಳಿಯಿತು, ಇಂಗ್ಲಿಷಿನದು ಹಿಂದೆಯೇ ಮನೆಗೆ ಬಂತು. ಕನ್ನಡ ಮಾಧ್ಯಮದ ಹುಡುಗನಿಗೆ ಎಸ್‌ಎಸ್‌ಎಲ್‌ಸಿಯ ಇಂಗ್ಲಿಷ್ ಎಂದರೆ ಬರೆದು ಮುಗಿಸುವ ಪತ್ರಿಕೆ. ಅದರಲ್ಲಿ ಬಾಯಿ ತೆರೆದದ್ದಕ್ಕೆ ಅಂಕವಿಲ್ಲ, ಸ್ಪೆಲಿಂಗ್ ಜಾರಿದ್ದಕ್ಕೆ ಕಡಿತವಿದೆ. ಆ ಹುಡುಗ ದೊಡ್ಡವನಾಗಿ ಫೀಸು ಕಟ್ಟಿ ಕಲಿಯಲು ಹೊರಡುವುದು ತಪ್ಪೇ ಆಗದಂತೆ ಮಾತಾಡುವ ವಿದ್ಯೆಯನ್ನು. ಅದು ಯಾವ ಭಾಷೆಯಲ್ಲೂ ಯಾರಿಗೂ ಸಿದ್ಧಿಸಿಲ್ಲವಾದ್ದರಿಂದ ಕೋರ್ಸೂ ಮುಗಿಯುವುದಿಲ್ಲ.

ವ್ಯಾಕರಣ ಬಿಟ್ಟು ಇಂಟರ್‌ವ್ಯೂಗೆ ಹೋಗಲಾದೀತೇ ಎಂದು ಕೇಳುವವರಿದ್ದಾರೆ. ಹೋಗಲಾಗದು, ಒಪ್ಪೋಣ. ಆದರೆ ಇವರ ತಯಾರಿಯನ್ನೊಮ್ಮೆ ನೋಡಿ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬ ಪ್ರಶ್ನೆಗೆ ಉತ್ತರ ಪುರುಷಸೂಕ್ತದ ಹಾಗೆ ಬಾಯಿಪಾಠ. ಸ್ವರವೂ ಹೆಚ್ಚುಕಡಿಮೆ ಅದೇ. ಅನಾಹುತ ಕಾದಿರುವುದು ಎರಡನೆಯ ಪ್ರಶ್ನೆಯಲ್ಲಿ, ಏಕೆಂದರೆ ಅದು ಪುಸ್ತಕದಲ್ಲಿಲ್ಲ. ದಿನನಿತ್ಯದ ಸಂಭಾಷಣೆ ಎಂಬ ವಿಭಾಗವಂತೂ ಒಂದು ಅದ್ಭುತ. ಕ್ಷೌರದಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ತರಕಾರಿ ಅಂಗಡಿಯಲ್ಲಿ ಎಂದು ಪಾಠಗಳು. ದಾವಣಗೆರೆಯಲ್ಲೋ ಹಾಸನದಲ್ಲೋ ಕ್ಷೌರಿಕನ ಕತ್ತಿಯ ಕೆಳಗೆ ಕುತ್ತಿಗೆ ಕೊಟ್ಟು ಕೂತವರು ಯಾರಾದರೂ ಇಂಗ್ಲಿಷ್ ಪ್ರಯೋಗಿಸುತ್ತಾರೆಯೇ? ಜೀವನದಲ್ಲಿ ಯಾರೊಡನೆ ಎಂದೂ ಇಂಗ್ಲಿಷ್ ಆಡಬೇಕಾಗಿಲ್ಲವೋ ಅವರೊಡನೆ ಆಡುವುದನ್ನು ಕಲಿಸಿ, ಮೀಟಿಂಗಿನಲ್ಲಿ ಮೇಲಧಿಕಾರಿ ದಿಢೀರನೆ ‘ಯುವರ್ ಒಪೀನಿಯನ್?’ ಎಂದರೆ ಏನು ಮಾಡಬೇಕೆಂಬುದನ್ನು ಈ ಪುಸ್ತಕಗಳು ಬಿಟ್ಟಿರುತ್ತವೆ. ಮಕ್ಕಳ ಶಾಲೆಯ ಪೇರೆಂಟ್ಸ್ ಮೀಟಿಂಗಿನ ಪಾಠವೂ ಇಲ್ಲ. ಅಲ್ಲಿ ಟೀಚರೂ ಕನ್ನಡಿಗರು, ಇವರೂ ಕನ್ನಡಿಗರು. ಇಬ್ಬರೂ ಪರಸ್ಪರರ ಭಯದಿಂದ ಇಂಗ್ಲಿಷ್ ಆಡುತ್ತಿರುತ್ತಾರೆ, ನಡುವೆ ಕೂತ ಮಗು ನೆಲ ನೋಡುತ್ತಿರುತ್ತದೆ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ತಪ್ಪು ಮಾತಾಡಿದರೆ ಜನ ನಗುತ್ತಾರೆ. ಇದನ್ನು ಹಗುರಾಗಿ ತಳ್ಳಿಹಾಕುವವರು ಎಂದೂ ನಗೆಗೀಡಾಗದವರು. ರ‍್ಯಾಪಿಡೆಕ್ಸ್ ಎಂಬ ಇಂಗ್ಲಿಷ್ ಕಲಿಸುವ ಪುಸ್ತಕದ ಜಾಹೀರಾತಿನಲ್ಲಿ ಕಪಿಲ್ ದೇವ್ ಕಾಣಿಸಿಕೊಂಡಿದ್ದರು. 1983ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಎತ್ತಿದ ಕೈಯವರ ವ್ಯಾಕರಣ ತಿದ್ದುವ ಎದೆ ಯಾರಿಗಿದ್ದೀತು? ಕಪ್ಪಿಲ್ಲದವರ ಪಾಡು ಬೇರೆ. ‘ಐ ಆ್ಯಮ್ ವೇಟಿಂಗ್ ಫ್ರಮ್ ಮಾರ್ನಿಂಗ್’ ಎಂದರೆ ಬೆಳಗಿನಿಂದ ಕಾಯುತ್ತಿರುವ ಸಂಗತಿ ಯಾರಿಗೂ ತಿಳಿಯದೆ ಹೋಗುವುದಿಲ್ಲ. ಜೊತೆಗೆ ಊರು, ಶಾಲೆ, ಅಪ್ಪನ ಆದಾಯ ಎಲ್ಲವೂ ತಿಳಿದುಹೋಗುತ್ತದೆ. ನಗು ಹುಟ್ಟುವುದು ಅಲ್ಲಿ. ಆದರೆ ನಗುವವರು ಯಾರು? ಹಂಪಿ ನೋಡಲು ಬಂದ ವಿದೇಶಿ ಪ್ರವಾಸಿಗೆ ದಾರಿ ಗೊತ್ತಾದರೆ ಸಾಕು. ನಗುವುದು ಸಾಮಾನ್ಯವಾಗಿ ಪಕ್ಕದ ಕುರ್ಚಿಯ ಕನ್ನಡಿಗ, ಎರಡು ಬ್ಯಾಚು ಸೀನಿಯರ್. ‘ಊಟ ಆಗಿಲ್ವಾ’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಅವರೂ ‘ಹೂಂ, ಆಗಿಲ್ಲ’ ಎಂಬ ನಮ್ಮ ಕ್ರಮದಂತೆ ‘ಯೆಸ್’ ಎಂದು ಹಸಿದೇ ಕೂರುತ್ತಾರೆ. ‘ಇಲ್ಲೇ ಇದ್ದೆ’ ಎನ್ನಬೇಕಾದಾಗ ‘ಹಿಯರ್ ಓನ್ಲಿ’ ಎನ್ನುತ್ತಾರೆ. ಅದನ್ನು ಹಿಡಿದು ನಗಲು ಅವರಿಗಿಂತ ಮೂರು ಬ್ಯಾಚು ಸೀನಿಯರ್ ಬೇಕು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಬ್ಬರಿಗೊಬ್ಬರು ಹೆದರಿಕೊಂಡು ನಿಂತಿರುವ ಸಾಲಿನಲ್ಲಿ ಇಂಗ್ಲಿಷರೊಬ್ಬರೂ ಇರುವುದಿಲ್ಲ.

ಕಸ್ಟಮರ್ ಕೇರಿಗೆ ಫೋನು ಮಾಡಿದಾಗ ಕನ್ನಡಕ್ಕೊಂದು ಗುಂಡಿ, ಇಂಗ್ಲಿಷಿಗೊಂದು ಗುಂಡಿ. ಅಭ್ಯಾಸವಾಗಲೆಂದು ಇವರು ಇಂಗ್ಲಿಷಿನದನ್ನೇ ಒತ್ತುತ್ತಾರೆ. ಹೇಳಬೇಕಾದ ವಾಕ್ಯವನ್ನು ಹಾಳೆಯ ಮೇಲೆ ಬರೆದು, ಟೆನ್ಸು ಎರಡು ಸಲ ಸರಿನೋಡಿ, ಗಂಟಲು ಕೆರೆದು ಕಾಯುತ್ತಾರೆ. ಆ ಕಡೆಯಿಂದ ‘ಹೌ ಮೇ ಐ ಹೆಲ್ಪ್ ಯೂ’ ಬಂದ ಕೂಡಲೇ ಹಾಳೆ ಎಲ್ಲೋ, ಟೆನ್ಸು ಎಲ್ಲೋ. ‘ಮೇಡಂ, ಕನ್ನಡ ಬರುತ್ತಾ?’ ಎನ್ನುತ್ತಾರೆ. ಬರುತ್ತದೆ, ಆಕೆ ಚಿತ್ರದುರ್ಗದ ಕಡೆಯವರು. ರೀಚಾರ್ಜು, ರೀಫಂಡು, ಕಂಪ್ಲೇಂಟ್ ನಂಬರು ಎಂದು ಇಬ್ಬರೂ ಸಲೀಸಾಗಿ ಅರ್ಧ ಇಂಗ್ಲಿಷಿನಲ್ಲೇ ಕೆಲಸ ಮುಗಿಸುತ್ತಾರೆ. ಫೋನು ಇಟ್ಟರೆ ಮತ್ತೆ ರಿಂಗಾಗುತ್ತದೆ. ಕೋಚಿಂಗ್ ಸೆಂಟರಿನವರು: ಹೊಸ ಬ್ಯಾಚು ಶುರುವಾಗಿ ಹತ್ತು ನಿಮಿಷವಾಯಿತು, ಎಲ್ಲಿದ್ದೀರಿ ಸಾರ್?

ಬನಿಯನ್ನಿನಲ್ಲಿ ಕೂತವರು ‘ಬಂದೆ’ ಎನ್ನುತ್ತಾರೆ.