ಕಾಕಾನ ಹನ್ನೆರಡು ವೋಲ್ಟು

“ಎರಡೂ ಹನ್ನೆರಡು ವೋಲ್ಟ ಅದಾವ ಅಂದಮ್ಯಾಲ ಫರಕ ಏನಪಾ?” ಎಂಬುದು ನಮ್ಮ ಕಾಕಾನ ವಾದ. ಔಷಧಿ ಹೊಡೆಯುವ ಪಂಪಿನ ಸೀಸದ ಬ್ಯಾಟರಿ ಸತ್ತಾಗ ಚಿಕ್ಕೋಡಿ ಪೇಟೆಯಿಂದ ಲಿಥಿಯಂ ಪ್ಯಾಕ್ ತಂದ. ಚಾರ್ಜರ್ ಮಾತ್ರ ಹಳೆಯದೇ. ಪಿನ್ನು ಒಳಗೆ ಹೋಯಿತಲ್ಲ, ಇನ್ನೇನು ಬೇಕು?

ಬೇಕಾದದ್ದು ಲೆಕ್ಕ. ಆ ಪ್ಯಾಕಿನಲ್ಲಿ ಸಾಲಾಗಿ ಮೂರು ಸೆಲ್. ಒಂದೊಂದರ ಗಡಿ 4.2 ವೋಲ್ಟ್, ಒಟ್ಟು 12.6. ಸೀಸದ ಬ್ಯಾಟರಿಯ ಚಾರ್ಜರ್ 14 ದಾಟಿ ಏರುತ್ತದೆ. ಆಗ “ಸಾಕು” ಎಂದು ಕೈ ಅಡ್ಡ ಹಿಡಿಯುವುದು ಪ್ಯಾಕಿನೊಳಗಿನ ಕಾವಲು ಸರ್ಕ್ಯೂಟು, ಬಿಎಂಎಸ್. ಅದು ಚಾರ್ಜಿಂಗ್ ನಿಲ್ಲಿಸಿತೆಂದು ಅದನ್ನೇ ಕಿತ್ತು ವೈರು ನೇರ ಜೋಡಿಸಿಕೊಡುವ ಪಂಡಿತರಿಗೆ ಯಾವ ಊರಲ್ಲೂ ಬರವಿಲ್ಲ.

ಹಾಗೆಂದು ಕಾಕಾ ಬೆಂಕಿ ಅರಿಯದವನಲ್ಲ. ಗಾಣದಲ್ಲಿ ಬೆಲ್ಲ ಹದಕ್ಕೆ ಬರುವ ಹೊತ್ತಿಗೆ ಕೊಪ್ಪರಿಗೆ ಬಿಟ್ಟು ನೀರು ಕುಡಿಯಲೂ ಏಳುವುದಿಲ್ಲ. ಬಣವಿಯ ಹತ್ತಿರ ನಿಪ್ಪಾಣಿ ತಂಬಾಕಿನ ಬೀಡಿ ಹಚ್ಚಿದವನ ಏಳು ತಲೆಮಾರು ಜಾಲಾಡುತ್ತಾನೆ. ಅದೇ ಮನುಷ್ಯ ಪಂಪನ್ನು ಗಾದಿಯ ಮೇಲೆ ಮಲಗಿಸಿ, ಚಾರ್ಜಿಗೆ ಹಚ್ಚಿ, ಪಕ್ಕದಲ್ಲೇ ಗೊರಕೆ ಹೊಡೆಯುತ್ತಾನೆ. ಹೊಗೆ ಕಾಣದಿದ್ದರೆ ಅದು ಬೆಂಕಿಯ ಪೈಕಿಯೇ ಅಲ್ಲ. ಸೆಲ್ಲಿನೊಳಗೆ ಶಾರ್ಟ್ ಆದರೆ ಬಿಸಿಯೇ ಬಿಸಿಯನ್ನು ಹುಟ್ಟಿಸಿ ಪಕ್ಕದ ಸೆಲ್ಲಿಗೂ ದಾಟುತ್ತದೆಂದು ಹೇಳಿದರೆ, “ಕಂಪನಿಯವರು ನೋಡಕೋತಾರ” ಅನ್ನುತ್ತಾನೆ. ಕಂಪನಿಯವರಿಗೂ ಸರ್ಕಾರ ನೆನಪಿಸಬೇಕಾಯಿತು: 2022ರಲ್ಲಿ ದೇಶದ ಅಲ್ಲಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆಯೇ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮ ಬಿಗಿಯಾದದ್ದು.

ಅಂಥದೊಂದು ಸ್ಕೂಟರು ತಮ್ಮನ ಹತ್ತಿರವೂ ಇದೆ. ಮೇ ತಿಂಗಳ ಬಿಸಿಲಲ್ಲಿ ಕಾಗವಾಡದಿಂದ ಅಥಣಿಗೆ ಹಾರಿಸಿಕೊಂಡು ಬಂದವನು, ಗಾಡಿ ಆರುವ ಮೊದಲೇ ಪ್ಲಗ್ ಸಿಗಿಸುತ್ತಾನೆ. “ನೀನ ಬಿಸಲಾಗಿಂದ ಬಂದು ಒಮ್ಮೆಲೆ ಉಣ್ಣಾಂಗಿಲ್ಲ, ಅದಕ್ಯಾಕ ಉಣಸ್ತಿ?” ಎಂದಳು ಆಯಿ. ಸಾಮಾನ್ಯವಾಗಿ ಈ ಪ್ಯಾಕುಗಳನ್ನು 45 ಡಿಗ್ರಿಗಿಂತ ಬಿಸಿಯಿದ್ದಾಗ ಚಾರ್ಜ್ ಮಾಡಬಾರದು. ಆಯಿಗೆ ಅದು ಡಿಗ್ರಿ ಇಲ್ಲದೆಯೇ ಗೊತ್ತು.

ರಾಯಬಾಗ ಕಡೆಯ ಬೀಗರದು ಇನ್ನೊಂದು ದಾರಿ. 2019ರಲ್ಲಿ ಕೃಷ್ಣೆ ಊರೊಳಗೆ ಬಂದಾಗ ನೀರು ಕುಡಿದ ಮೋಟಾರು ಒಣಗಿಸಿ ಓಡಿಸಿದವರು ಅವರು. ಮಳೆಯಲ್ಲಿ ನೆನೆದು ಉಬ್ಬಿದ ಪ್ಯಾಕನ್ನೂ ಹಪ್ಪಳದ ಪಕ್ಕ ಬಿಸಿಲಿಗಿಟ್ಟಿದ್ದರು. ಹಪ್ಪಳ ಒಣಗಿತು. ಪ್ಯಾಕನ್ನು ತಿರುಗಿ ಚಾರ್ಜಿಗೆ ಹಚ್ಚದಂತೆ ತಡೆಯಲು ಚಹಾ ಎರಡು ಸಲ ಆಗಬೇಕಾಯಿತು.

ಈಗ ನಮ್ಮನೆಯಲ್ಲಿ ಚಾರ್ಜಿಂಗ್ ಅಂಗಳದ ಫರಸಿಯ ಮೇಲೆ, ಪ್ಯಾಕಿಗೆ ಹೊಂದುವ ಚಾರ್ಜರಿನಿಂದ, ಎಲ್ಲರೂ ಎಚ್ಚರಿರುವಾಗ. ಕಣಿಕಿ ದೂರ, ಬಾಗಿಲ ದಾರಿ ಖಾಲಿ. ಕಾಕಾ ಅಲ್ಲೇ ಹೊರಸು ಹಾಕಿ ಕಾವಲು ಕೂರುತ್ತಾನೆ. ಖಂಡೆಪೂಜೆಯ ದಿನ ಆಯಿ ಅರಿಷಿಣ-ಕುಂಕುಮ ಹಚ್ಚಿ, ಪ್ಯಾಕಿನ ನೆತ್ತಿಯ ಮೇಲೆ ಕರ್ಪೂರ ಇಟ್ಟು ಕಡ್ಡಿಪೆಟ್ಟಿಗೆಗೆ ಕೈ ಹಾಕಿದಳು.

“ಆಯೀ, ಬೆಂಕಿ ಬ್ಯಾಡ!” ಕಾಕಾ ಎದ್ದು ಬಿದ್ದು ಓಡಿದ.

“ಆರತಿ ಇಲ್ಲದ ಪೂಜಿ ಹೆಂಗಾಗತೈತೋ? ನೀನ ಹೇಳಿದ್ದಿಲ್ಲ, ಎರಡೂ ಹನ್ನೆರಡು ವೋಲ್ಟ ಅಂತ?”