ಐದೂವರೆ ಇಂಚಿನ ರಾಯರು

ಯಲಹಂಕ ನ್ಯೂಟೌನ್, ಸಹಕಾರನಗರ, ವಿದ್ಯಾರಣ್ಯಪುರ, ಉತ್ತರ ಬೆಂಗಳೂರಿನ ಯಾವ ಬಡಾವಣೆಗಾದರೂ ಹೋಗಿ. ಬೀದಿಗೊಬ್ಬರಾದರೂ ಪಾಲಿಷ್ ರಾಯರು ಸಿಗುತ್ತಾರೆ. ಮೊಣಕಾಲುದ್ದದ ಚಡ್ಡಿ, ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಕೊಟ್ಟ ಟೀ ಶರ್ಟು, ಹಣೆಗೆ ಕಟ್ಟಿದ ಟಾರ್ಚು. ಭಾನುವಾರ ಬೆಳ್ಳಂಬೆಳಗ್ಗೆ ಬಾನೆಟ್ಟಿನ ಮೇಲೆ ಬಗ್ಗಿ ಬೆಳಕು ಬಿಟ್ಟು ನೋಡುತ್ತಿರುವ ಇವರನ್ನು ಕಂಡು, ಪಾಪ ಉಂಗುರ ಕಳಕೊಂಡಿರಬೇಕು ಎಂದು ವಾಕಿಂಗ್ ಹೊರಟವರು ತಾವೂ ನೆಲ ನೋಡುವುದುಂಟು. ರಾಯರು ಹುಡುಕುತ್ತಿರುವುದು ಗೀರು. ಅದು ಸಿಕ್ಕಿದ ದಿನ ಅವರಿಗೆ ತಿಂಡಿ ರುಚಿಸುತ್ತದೆ.

ಈ ಭಾಗದಲ್ಲೇ ಇಂಥವರು ಯಾಕೆ ಹೆಚ್ಚು ಎಂಬುದಕ್ಕೆ ನನ್ನದೊಂದು ಊಹೆ ಇದೆ. ಜಾಲಹಳ್ಳಿ ಕಡೆ ಎಚ್‌ಎಂಟಿ, ಬಿಇಎಲ್. ಯಲಹಂಕದಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆ. ಮೂವತ್ತು ವರ್ಷ ಮೈಕ್ರೋಮೀಟರ್ ಹಿಡಿದು, ಕೂದಲೆಳೆಯ ವ್ಯತ್ಯಾಸಕ್ಕೂ ಮಾಲು ವಾಪಸು ಕಳಿಸಿದ ಕೈಗಳು ಇಲ್ಲಿ ಬಂದು ನಿವೃತ್ತವಾಗಿವೆ. ಮನೆಯಲ್ಲಿ ಅಳೆಯಲು ಏನಿದೆ? ಸಾರಿಗೆ ಉಪ್ಪು ಹಾಕುವಾಗ ಮೂಗು ತೂರಿಸಿದರೆ ಹೆಂಡತಿ ಸೌಟು ತೋರಿಸುತ್ತಾರೆ. ಉಳಿದದ್ದು ಕಾರು. ಅದರ ಬಣ್ಣದ ಮೇಲಿನ ಪಾರದರ್ಶಕ ಪದರ, ರಾಯರು ಕ್ಲಿಯರ್ ಕೋಟ್ ಎನ್ನುವುದು, 40–50 ಮೈಕ್ರಾನಿನ ಆಸುಪಾಸು. ಜೆರಾಕ್ಸ್ ಹಾಳೆಯ ಅರ್ಧ ದಪ್ಪ. ಪ್ರತಿ ಸಲ ಪಾಲಿಷ್ ಮಾಡಿದಾಗಲೂ ಅದು ಇಷ್ಟಿಷ್ಟೇ ಸವೆಯುತ್ತದೆ. ನಿವೃತ್ತ ಕ್ವಾಲಿಟಿ ಇನ್‌ಸ್ಪೆಕ್ಟರಿಗೆ ಇದಕ್ಕಿಂತ ಒಳ್ಳೆಯ ಚಿಂತೆ ದೇವರೂ ಕೊಡಲಾರ.

ನಮ್ಮ ಅಪಾರ್ಟ್‌ಮೆಂಟಿನ ರಾಯರ ಬಳಿ ಇರುವುದು ಪಾಲಿಷ್ ಮಾಡುವ ಡಿಎ ಮೆಷಿನ್, ಅಂದರೆ ಡ್ಯುಯಲ್ ಆ್ಯಕ್ಷನ್. ಮೂರನೇ ಮಹಡಿಯ ಸಾಫ್ಟ್‌ವೇರ್ ಹುಡುಗ ಹೊಸ ಕಾರು ತಂದ ಸಂಭ್ರಮದಲ್ಲಿ, ತಿಳಿಯದೆ, ಅವರ ಹತ್ತಿರ ಹೋಗಿ ಕೇಳಿದ.

"ಅಂಕಲ್, ನಾನೂ ಒಂದು ಪಾಲಿಷರ್ ತಗೋಬೇಕು ಅಂತಿದೀನಿ. ದೊಡ್ಡ ಪ್ಯಾಡ್ ಇರೋದು ತಗೊಂಡ್ರೆ ಬೇಗ ಮುಗಿಯುತ್ತೆ ಅಲ್ವಾ?"

ರಾಯರು ಅವನನ್ನು ಕಾರಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಆಗಲೇ ನಾನು ಲಿಫ್ಟಿನ ಕಡೆ ಜಾರಬೇಕಿತ್ತು.

"ಕೂತ್ಕೋಪ್ಪ. ನಿನ್ನ ಕಾರಿನ ಬಾನೆಟ್ ಅಗಲ, ಸರಿ. ಪಿಲ್ಲರ್ ಎಷ್ಟು ಅಗಲ?"

"ಯಾವ ಪಿಲ್ಲರ್ ಅಂಕಲ್? ಬಿಲ್ಡಿಂಗ್ ಪಿಲ್ಲರಾ?"

ರಾಯರು ಕಣ್ಣು ಮುಚ್ಚಿ ಕೋಪ ನುಂಗಿದರು. ವಿಂಡ್‌ಶೀಲ್ಡಿನ ಪಕ್ಕದಲ್ಲಿ ಮೇಲಕ್ಕೇರುವ ಪಟ್ಟಿಯನ್ನು ಬೆರಳಲ್ಲಿ ತೋರಿಸಿ, "ಇದು. ಇಲ್ಲಿ ಆರೂವರೆ ಇಂಚಿನ ಪ್ಯಾಡ್ ಇಟ್ರೆ ಅರ್ಧ ಗಾಜು, ಅರ್ಧ ರಬ್ಬರ್ ಉಜ್ಜುತ್ತೆ. ಇಲ್ಲಿಗೆ ಮೂರು. ಬಂಪರ್ ಮೂಲೆಗೆ ಮೂರು. ಕನ್ನಡಿ ಕೆಳಗೆ ಮೂರು. ಬಾಗಿಲಿಗೆ, ಬಾನೆಟ್ಟಿಗೆ ಐದೂವರೆ."

"ಹಾಗಿದ್ರೆ ಎಲ್ಲದಕ್ಕೂ ಮೂರೇ ತಗೊಂಡ್ಬಿಡ್ತೀನಿ."

"ಪೈ ಆರ್ ಸ್ಕ್ವೇರ್ ಓದಿದೀಯಾ? ವ್ಯಾಸ ಅರ್ಧ ಆದ್ರೆ ವಿಸ್ತೀರ್ಣ ಕಾಲು ಭಾಗ. ಆರಿಂಚಿನಲ್ಲಿ ಒಂದು ಗಂಟೆಗೆ ಮುಗಿಯೋ ಟಾಪು, ಮೂರಿಂಚಿನಲ್ಲಿ ನಾಲ್ಕು ಗಂಟೆ. ನಿನ್ನ ಮ್ಯಾನೇಜರ್ ರಜಾ ಕೊಡ್ತಾನಾ?"

ಕುರ್ಚಿ ಬಿಟ್ಟೇಳಲು ಹುಡುಗ ಸಣ್ಣಗೆ ಪ್ರಯತ್ನಿಸಿದ. ರಾಯರು ಮೆಷಿನನ್ನು ಅವನ ತೊಡೆ ಮೇಲಿಟ್ಟರು.

ಅವರು ಹೇಳುವುದೆಲ್ಲ ಸರಿ ಎಂಬುದೇ ಇಲ್ಲಿನ ಕಷ್ಟ. ತಪ್ಪಾಗಿದ್ದರೆ ವಾದ ಮಾಡಿ ಎದ್ದು ಹೋಗಬಹುದಿತ್ತು. ರೋಟರಿ ಮೆಷಿನ್ ಒಂದೇ ಸಮ ಗಿರಗಿರ ತಿರುಗುತ್ತದೆ, ಒಂದೇ ಕಡೆ ನಿಂತರೆ ಬಣ್ಣ ಸುಡುತ್ತದೆ. ಡಿಎಯಲ್ಲಿ ಪ್ಯಾಡು ತಿರುಗುವುದರ ಜೊತೆಗೆ ನಡುವಿನಿಂದ ಕೊಂಚ ಸರಿದ ಅಚ್ಚಿನ ಮೇಲೆ ವಾಲಾಡುತ್ತದೆ. ಅತಿಯಾಗಿ ಒತ್ತಿದರೆ ತಿರುಗುವುದು ಬಿಟ್ಟು ಬರೀ ನಡುಗುತ್ತದೆ. ಮನೆಬಳಕೆಗೆ ಅದು ಕ್ಷೇಮ. ಆದರೆ ಪ್ಯಾಡು ದೊಡ್ಡದಾದಷ್ಟೂ ತಿರುಗಿಸಲು ಹೆಚ್ಚು ಬಲ ಬೇಕು. ಎಂಟು ಮಿಲಿಮೀಟರ್ ವಾಲಾಟದ ಸಣ್ಣ ಮೆಷಿನ್ನಿಗೆ ಆರೂವರೆ ಇಂಚು ಕಟ್ಟಿದರೆ ಬಾಗಿಲಿನ ಉಬ್ಬಿನಲ್ಲಿ ನಿಂತೇಬಿಡುತ್ತದೆ. ಪಾಲಿಷ್ ಆಗುತ್ತಿದೆ ಎಂಬ ಭ್ರಮೆಯಲ್ಲಿ ನೀವು ಮಾತ್ರ ನಡುಗುತ್ತಿರುತ್ತೀರಿ. ಅದಕ್ಕೇ ರಾಯರು ಪ್ಯಾಡು ಅಂಟಿಸುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಕಪ್ಪು ಗೆರೆ ಎಳೆದಿದ್ದಾರೆ. ಗೆರೆ ಸುತ್ತುತ್ತಿದ್ದರೆ ಕೆಲಸ ನಡೆಯುತ್ತಿದೆ, ನಿಂತರೆ ಇಲ್ಲ. ನಮ್ಮ ಕಚೇರಿಗಳಲ್ಲೂ ಕೆಲವರಿಗೆ ಇಂಥ ಗೆರೆ ಎಳೆಯಬಹುದಿತ್ತು.

ಇನ್ನು ಪ್ಲೇಟಿಗೂ ಪ್ಯಾಡಿಗೂ ಜಾತಕ ಕೂಡಬೇಕು. ಐದಿಂಚಿನ ಪ್ಲೇಟಿಗೆ ಐದೂವರೆ ಇಂಚಿನ ಪ್ಯಾಡ್, ಸುತ್ತ ಕಾಲಿಂಚು ಹೊರಗೆ. ಎರಡೂ ಒಂದೇ ಅಳತೆಯಾದರೆ, ಕೈ ಸ್ವಲ್ಪ ವಾಲಿದಾಗ ಪ್ಲೇಟಿನ ಗಟ್ಟಿ ಅಂಚು ಬಣ್ಣಕ್ಕೆ ತಾಗುತ್ತದೆ. ಪ್ಯಾಡು ಹೆಚ್ಚು ಹೊರಬಂದರೆ ಅಂಚು ಬಾವುಟದ ಹಾಗೆ ಬಡಿದು ಮೆಷಿನ್ನಿನ ತೂಕದ ಲೆಕ್ಕವೇ ತಪ್ಪುತ್ತದೆ. ಈ ಕಾಲಿಂಚಿನ ವಿಷಯಕ್ಕೆ ರಾಯರು ತೆಗೆದುಕೊಂಡ ಸಮಯದಲ್ಲಿ ಹುಡುಗನ ಅಮ್ಮ ಎರಡು ಸಲ ಬಾಲ್ಕನಿಗೆ ಬಂದು ಕೂಗಿದರು.

ಜೆ.ಸಿ. ರಸ್ತೆಯಲ್ಲಿ ಮಾತ್ರ ರಾಯರ ಆಟ ನಡೆಯಲಿಲ್ಲ. ಬೆಂಗಳೂರಿನಲ್ಲಿ ಕಾರಿನ ಯಾವ ಬಿಡಿಭಾಗ ಬೇಕಾದರೂ ಅಲ್ಲಿಗೇ ಹೋಗಬೇಕಷ್ಟೆ. ಐದೂವರೆ ಇಂಚಿನ ಫೋಮ್ ಪ್ಯಾಡ್, ಕಟಿಂಗ್ ಒಂದು, ಫಿನಿಶಿಂಗ್ ಎರಡು ಎಂದು ಇವರು ಚೀಟಿ ಓದಿದರೆ, ಅಂಗಡಿಯವನು ಚೀಲದೊಳಗೆ ಕೈ ಹಾಕಿ ದಾರ ಕಟ್ಟುವ ಉಣ್ಣೆಯ ಟೋಪಿಯೊಂದನ್ನು ಎಳೆದು ಗಾಜಿನ ಮೇಲಿಟ್ಟ. "ಇದು ಹಾಕಿ ಸಾರ್, ಎಲ್ಲಾ ಗಾಡಿಗೂ ಆಗುತ್ತೆ. ಫ್ರೀ ಸೈಜ್." ಮೂವತ್ತು ವರ್ಷದ ಸೇವೆಯಲ್ಲಿ ಯಾವ ಯೂನಿಯನ್ ಲೀಡರೂ ರಾಯರ ಬಾಯಿ ಹೀಗೆ ಕಟ್ಟಿರಲಿಲ್ಲ.

ಮನೆಯಲ್ಲಿ ಪ್ಯಾಡುಗಳಿಗೆ ಬೇರೆಯದೇ ಬಾಳು. ತೊಳೆದು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದ ಹಳದಿ, ಬಿಳಿ ಬಿಲ್ಲೆಗಳು ದೂರಕ್ಕೆ ತಟ್ಟೆ ಇಡ್ಲಿಯ ಹಾಗೆ ಕಾಣುತ್ತವೆ. ಒಂದು ದಿನ ಕೆಲಸದವಳು ಮೂರಿಂಚಿನದೊಂದನ್ನು ತೆಗೆದುಕೊಂಡು ಹಾಲಿನ ಪಾತ್ರೆ ಉಜ್ಜಿದಳು. ಪಾತ್ರೆ ಫಳಫಳ ಹೊಳೆಯಿತು. "ನೋಡ್ರೀ, ಇಷ್ಟು ದಿನದಲ್ಲಿ ಮೊದಲ್ನೇ ಸಲ ನಿಮ್ಮ ಪ್ಯಾಡು ಉಪಯೋಗಕ್ಕೆ ಬಂತು" ಎಂದರು ಹೆಂಡತಿ. ಯಾವ ದರ್ಜೆಯ ಸ್ಟೀಲು ಎಂದು ರಾಯರು ವಿಚಾರಿಸಿದರಂತೆ.

ರಾಯರ ಹುಟ್ಟುಶತ್ರು ಎಂದರೆ ಐದು ಗಂಟೆಗೆ ಬಕೆಟ್ ಹಿಡಿದು ಬರುವ ಹುಡುಗ. ಬಳ್ಳಾರಿ ರಸ್ತೆಯ ಮೆಟ್ರೋ ಕಾಮಗಾರಿಯ ಧೂಳು ಹೊತ್ತ ಹತ್ತಾರು ಕಾರು, ಬೋರ್‌ವೆಲ್ ನೀರು, ಒಂದೇ ಬಟ್ಟೆ. ಮೊದಲ ಕಾರಿನ ಮರಳು ಕೊನೆಯ ಕಾರಿನವರೆಗೆ ಯಾತ್ರೆ ಮಾಡುತ್ತದೆ. ಗಡಸು ನೀರು ಒಣಗಿದಲ್ಲಿ ಬಿಳಿ ಚುಕ್ಕೆ. 2024ರ ಮಾರ್ಚಿನಲ್ಲಿ ನೀರಿನ ಬರ ಬಂದು, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದಾಗ ಊರೆಲ್ಲ ಟ್ಯಾಂಕರಿನ ಹಿಂದೆ ಓಡುತ್ತಿತ್ತು. ರಾಯರ ಮುಖದಲ್ಲಿ ಮಾತ್ರ ಯುಗಾದಿ ಮುಂಚಿತವಾಗಿಯೇ ಬಂದಿತ್ತು.

ಆಯುಧಪೂಜೆಯ ದಿನ ಗಂಡ ಹೆಂಡಿರ ನಡುವೆ ಪ್ರತಿ ವರ್ಷ ಒಪ್ಪಂದವಾಗುತ್ತದೆ. ಅರಿಶಿನ, ಗಂಧ, ಕುಂಕುಮ ಏನಿದ್ದರೂ ಗಾಜಿನ ಮೇಲೆ. ಲೋಹದ ಮೇಲೆ ಇಲ್ಲ. ಮೆಷಿನ್ನಿಗೂ ಪೂಜೆ ಉಂಟು, ಹಿಡಿಕೆಗೆ ಒಂದು ಬೊಟ್ಟು.

ಇಷ್ಟೆಲ್ಲ ಮಾಡಿಸಿಕೊಂಡ ಕಾರು ಹೋಗುವುದೆಲ್ಲಿಗೆ? ಆರ್.ಟಿ. ನಗರದ ಷಡ್ಡಕರ ಮನೆ ಮುಂದೆ ಹೊಂಗೆ ಮರ ಇದೆ, ಅಂಟು ಬೀಳುತ್ತದೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬೈಕಿನವರು ಹ್ಯಾಂಡಲ್ ತಾಗಿಸುತ್ತಾರೆ. ಮಾಲ್ ಪಾರ್ಕಿಂಗಿನಲ್ಲಿ ಪಕ್ಕದವರು ಬಾಗಿಲು ಬಡಿಯುತ್ತಾರೆ. ಮೊನ್ನೆ ಯಶವಂತಪುರದಲ್ಲಿ ಹೆಂಡತಿಯ ಅಕ್ಕನ ಮಗಳ ಮದುವೆ. ಕಾರಿಗೆ ಹೂವಿನ ಅಲಂಕಾರ ಮಾಡಬೇಕು, ಬಾನೆಟ್ಟಿಗೆ ಸೆಲ್ಲೋಟೇಪ್ ಅಂಟಿಸಬೇಕು ಎಂದು ಫೋನು ಬಂದ ಕ್ಷಣವೇ ರಾಯರು ಕವರ್ ಹೊದಿಸಿ, ಬ್ಯಾಟರಿ ವೀಕು ಎಂದು ಘೋಷಿಸಿದರು.

ರೇಷ್ಮೆ ಸೀರೆ, ಪಂಚೆ ಶಲ್ಯದ ದಂಪತಿಗಳು ಆಟೋ ಹತ್ತಿದ್ದನ್ನು ನಾನು ಗೇಟಿನ ಬಳಿ ನಿಂತು ನೋಡಿದೆ. ಹತ್ತುವಾಗ ರಾಯರು ಆಟೋದ ಮುಂದಿನ ತಗಡಿನ ಮೇಲೆ ಬೆರಳು ಎಳೆದು, ಕಣ್ಣು ಕಿರಿದು ಮಾಡಿ ನೋಡಿ, "ಮೂರು ಸಾಕು" ಎಂದು ತಮ್ಮಷ್ಟಕ್ಕೆ ಗೊಣಗಿದರು.

"ಮುನ್ನೂರು ಸಾಲಲ್ಲ ಸಾರ್, ಬಿಇಎಲ್ ಸರ್ಕಲ್‌ನಲ್ಲಿ ಜಾಮು. ಮೇಲೈವತ್ತು ಹಾಕ್ಕೊಡಿ" ಎಂದ ಆಟೋದವನು.

"ಅವರ ಮಾತು ಬಿಡಪ್ಪ ನೀನು," ಎಂದರು ರಾಯರ ಹೆಂಡತಿ, ಸೀರೆಯ ನೆರಿಗೆ ಒಳಗೆಳೆದುಕೊಳ್ಳುತ್ತಾ. "ಮೀಟರ್ ಹಾಕು."