ಬೆಟ್ಟದಿಂದ ನಮ್ಮನೆ ಕಾಣುತ್ತೆ

ಮೈಸೂರಿನಲ್ಲಿ ಮನೆ ಮಾಡಿದವನು ಮನೆಕಂದಾಯದ ಜೊತೆಗೆ ಇನ್ನೊಂದು ಕಂದಾಯವನ್ನೂ ಕಟ್ಟಬೇಕಾಗುತ್ತದೆ. ಬಂದ ನೆಂಟರನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗುವುದು. ಮೃಗಾಲಯವನ್ನು ತಪ್ಪಿಸಬಹುದು, ಅರಮನೆಯನ್ನೂ ಕಾಲುನೋವಿನ ನೆಪ ಹೇಳಿ ತಪ್ಪಿಸಬಹುದು. ಬೆಟ್ಟವನ್ನು ತಪ್ಪಿಸುವಂತಿಲ್ಲ, ಅಲ್ಲಿ ತಾಯಿ ಇದ್ದಾಳೆ. ದರ್ಶನ ಮುಗಿಸಿ, ಕತ್ತಿ ಹಿಡಿದ ಮಹಿಷಾಸುರನ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡು, ಇಳಿಯುವಾಗ ವ್ಯೂ ಪಾಯಿಂಟಿನಲ್ಲಿ ಕಾರು ನಿಲ್ಲಿಸಿದರೆ, ಯಾವ ಜಿಲ್ಲೆಯ ನೆಂಟರೇ ಆಗಲಿ, ಕೇಳುವುದು ಒಂದೇ ಪ್ರಶ್ನೆ: "ನಿಮ್ಮನೆ ಎಲ್ಲಿ?"

ಅಷ್ಟು ದೊಡ್ಡ ಊರು ಕಾಲಡಿಯಲ್ಲಿ ಹರಡಿಕೊಂಡು ಬಿದ್ದಿರುತ್ತದೆ. ಅರಮನೆ ಇದೆ, ಲಲಿತಮಹಲಿದೆ, ರೇಸ್‌ಕೋರ್ಸಿದೆ, ಕಾರಂಜಿ ಕೆರೆ ಇದೆ, ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳಿವೆ. ಅದ್ಯಾವುದೂ ಬೇಡ. ನಿಮ್ಮನೆ ಎಲ್ಲಿ? ಇಪ್ಪತ್ತೆರಡು ವರ್ಷ ನಾನು ಒಂದೇ ಉತ್ತರ ಕೊಟ್ಟೆ: "ಅಗೋ, ಆ ನೀರಿನ ಟ್ಯಾಂಕ್ ಕಾಣುತ್ತಲ್ಲ, ಅದರಿಂದ ಸ್ವಲ್ಪ ಎಡಕ್ಕೆ." ಅವರು ಕಣ್ಣು ಕಿರಿದು ಮಾಡಿಕೊಂಡು, ನನ್ನ ಬೆರಳ ತುದಿಯನ್ನೇ ನೋಡಿ, "ಹೌದು ಹೌದು" ಎನ್ನುತ್ತಿದ್ದರು. ನನಗೂ ಕಂಡಿರಲಿಲ್ಲ, ಅವರಿಗೂ ಕಂಡಿರಲಿಲ್ಲ. ನೆಂಟಸ್ತಿಕೆ ಚೆನ್ನಾಗಿತ್ತು.

ಕೆಡಿಸಿದವನು ನನ್ನ ಭಾಮೈದ. ತೀರ್ಥಹಳ್ಳಿ ಕಡೆಯವನು, ಕುಂದಾದ್ರಿಯ ನೆತ್ತಿಯ ಮೇಲೆ ನಿಂತು ಕಾಡು ನೋಡಿ ಬೆಳೆದವನು, ಬೆಟ್ಟದ ವಿಷಯದಲ್ಲಿ ಸುಮ್ಮನೆ ತಲೆಯಾಡಿಸುವ ಜಾಯಮಾನದವನಲ್ಲ. "ಎಲ್ಲಿ ಭಾವ? ಟ್ಯಾಂಕಿನ ಎಡಕ್ಕೆ ಇರೋದು ತೆಂಗಿನ ತೋಟ ಅಲ್ದಾ?" ಎಂದುಬಿಟ್ಟ. ನಮ್ಮ ಬಡಾವಣೆಯಲ್ಲಿ ತೆಂಗಿನ ತೋಟವಿಲ್ಲ. ಮಾವಿನಕಾಯಿಗೆ ಉಪ್ಪುಖಾರ ಸವರುತ್ತಿದ್ದವನೂ ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಅದೇ ತಿಂಗಳು ನಿವೃತ್ತಿಯ ದುಡ್ಡು ಕೈಗೆ ಬಂದಿತ್ತು. ದೂರದ್ದನ್ನು ಎಂಬತ್ತು ಪಟ್ಟು ಹತ್ತಿರ ಎಳೆದು ತರುವ ಕ್ಯಾಮೆರಾವೊಂದನ್ನು ಕೊಂಡೆ. ಹೆಂಡತಿಗೆ ಹೇಳಿದ್ದು ಹಕ್ಕಿಗಳ ಫೋಟೊ ತೆಗೆಯಲು ಎಂದು.

ಕೊಂಡ ಮೊದಲ ಭಾನುವಾರವೇ, ಎಲ್ಲರಂತೆ ಸಂಜೆ ಐದಕ್ಕೆ, ಬೆಟ್ಟಕ್ಕೆ ಹೋದೆ. ನೂರಿಪ್ಪತ್ತು ಫೋಟೊ ತೆಗೆದೆ. ಮನೆಗೆ ಬಂದು ಟಿವಿಗೆ ಹಾಕಿದರೆ ನೂರಿಪ್ಪತ್ತೂ ಒಂದೇ ತರಹ: ಮೇಲರ್ಧ ಬೆಳ್ಳಗೆ, ಕೆಳಗರ್ಧ ಬೂದು. ಬೆಟ್ಟದಲ್ಲಿ ಕಣ್ಣು ತುಂಬಿದ್ದ ಅರಮನೆ ಇಲ್ಲಿ ಒಗ್ಗರಣೆಯಿಂದ ಸಿಡಿದ ಸಾಸಿವೆ ಕಾಳು. ಕಣ್ಣು ತನಗೆ ಬೇಕಾದ್ದನ್ನು ದೊಡ್ಡದು ಮಾಡಿಕೊಂಡು ನೋಡುತ್ತದೆ, ಬೇಡದ್ದನ್ನು ಬದಿಗೆ ಸರಿಸುತ್ತದೆ. ಕ್ಯಾಮೆರಾಕ್ಕೆ ಈ ಪಕ್ಷಪಾತ ಗೊತ್ತಿಲ್ಲ. ಅದಕ್ಕೆ ಅರಮನೆಯ ಗುಮ್ಮಟವೂ ಒಂದೇ, ಗ್ಯಾರೇಜಿನ ತಗಡಿನ ಶೀಟೂ ಒಂದೇ. ಹೆಂಡತಿ ಸೊಪ್ಪು ಬಿಡಿಸುತ್ತ ನೋಡಿ, "ಊರಿಗೆಲ್ಲ ಸುಣ್ಣ ಬಳಿದ ಹಾಗಿದೆಯಲ್ರೀ" ಎಂದಳು. ಹಕ್ಕಿ ಎಲ್ಲಿ ಎಂದು ಕೇಳಲಿಲ್ಲ, ಅದು ಅವಳ ದೊಡ್ಡತನ.

ಸುಣ್ಣದ ಗುಟ್ಟು ಬಿಡಿಸಿ ಹೇಳಿದವನು ನಮ್ಮ ಬೀದಿಯ ಸ್ಟುಡಿಯೊದ ಹುಡುಗ. "ಸಾರ್, ನಿಮಗೆ ಸೂರ್ಯನ ಫೋಟೊ ಬೇಕೋ ಊರಿನ ಫೋಟೊ ಬೇಕೋ?" ಎಂದ. ಊರು ಬೆಟ್ಟದ ಪಡುವಣಕ್ಕೂ ಬಡಗಣಕ್ಕೂ ಹಬ್ಬಿದೆ. ಸಂಜೆ ಹೋದರೆ ಸೂರ್ಯ ಊರಿನ ಆಚೆ ನಿಂತು ನೇರ ಲೆನ್ಸಿನೊಳಕ್ಕೆ ಇಣುಕುತ್ತಾನೆ. ನಡುವೆ ಇರುವ ದೂಳು, ತೇವ, ಹೊಗೆಯೆಲ್ಲ ಆ ಬೆಳಕನ್ನು ಚದುರಿಸಿ ಬೆಳ್ಳನೆಯ ತೆರೆ ಎಳೆಯುತ್ತವೆ. ಬೆಳಿಗ್ಗೆ ಹೋದರೆ ಅದೇ ಸೂರ್ಯ ಬೆನ್ನಿಗಿರುತ್ತಾನೆ, ನಮ್ಮ ಹೆಗಲ ಮೇಲಿಂದ ಊರಿಗೆ ಟಾರ್ಚು ಬಿಟ್ಟ ಹಾಗೆ. ಹಿಂದಿನ ರಾತ್ರಿ ಮಳೆ ಬಂದು ದೂಳು ತೊಳೆದಿದ್ದರಂತೂ ಕೇಳುವುದೇ ಬೇಡ. ಆದರೆ ಬೆಳಿಗ್ಗೆ ಆರೂವರೆಗೆ ಯಾವ ನೆಂಟ ಏಳುತ್ತಾನೆ? ಹೀಗಾಗಿ ಲೋಕದಲ್ಲಿ ಬೆಟ್ಟದಿಂದ ತೆಗೆದ ಫೋಟೊಗಳಲ್ಲಿ ಹೆಚ್ಚಿನವು ಸುಣ್ಣದವೇ.

ಸಂಜೆಯನ್ನೇ ಹಿಡಿಯಬೇಕೆಂದರೆ ಅದಕ್ಕೂ ಒಂದು ಗಳಿಗೆ ಇದೆ. ಸೂರ್ಯ ಮುಳುಗಿದ ಮೇಲೆ ಒಂದು ಇಪ್ಪತ್ತು ನಿಮಿಷ ಆಕಾಶ ಕಪ್ಪಾಗುವುದಕ್ಕೆ ಮುಂಚೆ ಗಾಢ ನೀಲಿಯಾಗಿ ನಿಲ್ಲುತ್ತದೆ. ಆ ನೀಲಿಯ ಕೆಳಗೆ ಅರಮನೆಯ ದೀಪ ಹತ್ತಿಕೊಂಡಿರಬೇಕು, ಆಗ ಚಿತ್ರ. ಅರಮನೆಯ ಲಕ್ಷಕ್ಕೆ ಹತ್ತಿರದ ಬಲ್ಬುಗಳು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ಕ್ಕೆ ಹತ್ತುತ್ತವೆ. ಡಿಸೆಂಬರಿನಲ್ಲಿ ಮೈಸೂರಿಗೆ ಆರರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ದೀಪ ಹತ್ತುವ ಹೊತ್ತಿಗೆ ಆಕಾಶ ಇದ್ದಿಲು. ಜೂನ್ ಕೊನೆಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಮುಳುಗುತ್ತಾನೆ. ಆಗ ಏಳಕ್ಕೂ ಕಾಲಿಗೂ ನಡುವೆ ದೀಪವೂ ನೀಲಿಯೂ ಒಂದೇ ಚೌಕಟ್ಟಿಗೆ ಸಿಗುತ್ತವೆ. ಈ ಲೆಕ್ಕವನ್ನು ಪಂಚಾಂಗ ಮುಂದಿಟ್ಟುಕೊಂಡು ನಾನೇ ಕಂಡುಹಿಡಿದೆ, ಮಗಳ ಮದುವೆಯ ಮುಹೂರ್ತಕ್ಕೂ ಅಷ್ಟು ಕೂತು ನೋಡಿರಲಿಲ್ಲ. ಲೆಕ್ಕದಲ್ಲಿ ಬಿಟ್ಟುಹೋದದ್ದು ಒಂದೇ, ಜೂನ್ ಎಂದರೆ ಮುಂಗಾರು. ನಾಲ್ಕು ಭಾನುವಾರ ಕೊಡೆ ಹಿಡಿದು ಮೋಡದೊಳಗೆ ನಿಂತೆ. ಐದನೆಯ ಭಾನುವಾರ ಮೋಡ ಹರಿಯಿತು, ಗಡಿಯಾರ ನೋಡಿಕೊಂಡು ನಿಂತೆ, ಅರಮನೆ ಝಗ್ಗೆಂದಿತು. ಹಿಂದಿನಿಂದ ಬಂದ ಕೋತಿಯೊಂದು ಪಕ್ಕದ ಗೋಡೆಯ ಮೇಲಿಟ್ಟಿದ್ದ ಲೆನ್ಸಿನ ಮುಚ್ಚಳ ಎತ್ತಿಕೊಂಡು ಮರ ಹತ್ತಿತು. ಮುಚ್ಚಳವೋ ಅರಮನೆಯೋ? ನಾನು ಮಧ್ಯಮವರ್ಗದವನು, ಮುಚ್ಚಳದ ಹಿಂದೆ ಓಡಿದೆ.

ಶ್ರವಣಬೆಳಗೊಳ ಸೂರ್ಯನ ಈ ಕಾಟವಿಲ್ಲದ ಜಾಗ. ವಿಂಧ್ಯಗಿರಿಯ ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಬೆಟ್ಟದ ಬಡಗು ಮೈಯಲ್ಲಿವೆ. ಊರೂ, ನಡುವಿನ ಕಲ್ಯಾಣಿಯೂ, ಆಚೆ ಬಸದಿಗಳನ್ನು ಹೊತ್ತ ಚಂದ್ರಗಿರಿಯೂ ಉತ್ತರಕ್ಕೇ ಇವೆ. ಸೂರ್ಯ ವರ್ಷದ ಹೆಚ್ಚು ಕಾಲ ದಕ್ಷಿಣಕ್ಕೆ ವಾಲಿರುವುದರಿಂದ ಇಲ್ಲಿ ಬೆಳಿಗ್ಗೆ, ಮಧ್ಯಾಹ್ನ ಎನ್ನದೆ ಅವನು ನಮ್ಮ ಬೆನ್ನಿಗೇ. ಸೋಮಾರಿ ಫೋಟೊಗ್ರಾಫರನಿಗೆ ಇದಕ್ಕಿಂತ ಒಳ್ಳೆಯ ಬೆಟ್ಟ ನಾನು ಕಂಡಿಲ್ಲ. ತೊಂದರೆ ಇರುವುದು ತಲೆಯ ಮೇಲಲ್ಲ, ಕಾಲಡಿಯಲ್ಲಿ: ಚಪ್ಪಲಿ ಬಿಟ್ಟು ಹತ್ತಬೇಕು. ಕೆಳಗೆ ಕಾಲುಚೀಲ ಮಾರುವಾತ "ತಗೊಳ್ಳಿ ಸಾರ್, ಬಂಡೆ ಕಾದಿದೆ" ಎಂದಾಗ ಜಂಬ ಮಾಡಿ ಮುಂದೆ ಹೋದೆ. ಮಾರ್ಚ್ ತಿಂಗಳ ಮಧ್ಯಾಹ್ನ. ಇಳಿಯುತ್ತ ತೆಗೆದ ಕಲ್ಯಾಣಿಯ ಫೋಟೊಗಳೆಲ್ಲ ಅಲುಗಿವೆ, ಒಂದು ಕಾಲಿನ ಮೇಲೆ ನಿಂತು ಎಷ್ಟೆಂದು ಕೈ ಗಟ್ಟಿ ಹಿಡಿಯಲಿ? ಮೇಲೆ 58 ಅಡಿಯ ಗೊಮ್ಮಟ 981ರಿಂದ ಅದೇ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತಿದ್ದಾನೆ. ಅವನಿಗೂ ನನಗೂ ಹೋಲಿಕೆ ಅಲ್ಲಿಗೇ ಮುಗಿಯಿತು.

ಕ್ಯಾಮೆರಾ ಭಾರ ಎಂದು ಗೊಣಗುವಾಗೆಲ್ಲ ನನಗೆ ಸ್ಯಾಮ್ಯುಯೆಲ್ ಬೌರ್ನ್ ಎಂಬ ಇಂಗ್ಲಿಷಿನವನ ನೆನಪಾಗಿ ನಾಚಿಕೆಯಾಗುತ್ತದೆ. 1866ರಲ್ಲಿ ಅವನು ಹಿಮಾಲಯದ ಮನಿರಂಗ್ ಕಣಿವೆದಾರಿಯಲ್ಲಿ, 18,600 ಅಡಿ ಎತ್ತರದಲ್ಲಿ, ಫೋಟೊ ತೆಗೆದ. ಆಗಿನದು ಗಾಜಿನ ಹಲಗೆಯ ಕಾಲ. ಹಲಗೆಗೆ ರಸಾಯನ ಬಳಿದು, ಅದು ಹಸಿಯಾಗಿರುವಾಗಲೇ ಚಿತ್ರ ಹಿಡಿದು, ಒಣಗುವುದರೊಳಗೆ ಕತ್ತಲ ಗುಡಾರ ಹೊಕ್ಕು ತೊಳೆಯಬೇಕು. ಗಾಜು, ಬಾಟಲಿ, ಗುಡಾರ ಹೊರಲು ಹತ್ತಾರು ಕೂಲಿಗಳು. ಚಿತ್ರದ ಕೆಳಗೆ ಬೌರ್ನ್‌ನ ಹೆಸರಿದೆ. ಗಾಜನ್ನು ಒಡೆಯದೆ ಅಷ್ಟೆತ್ತರಕ್ಕೆ ಹೊತ್ತವರದಿಲ್ಲ. ನನ್ನ ಪ್ರಕಾರ ಆ ಫೋಟೊಗಳಲ್ಲಿ ಅರ್ಧ ಅವರವು.

ಈಗ ಹೊರುವುದೂ ಬೇಡ, ಹತ್ತುವುದೂ ಬೇಡ, ಡ್ರೋನ್ ಇದೆ. ಬೆಂಗಳೂರಿನ ನನ್ನ ಅಕ್ಕನ ಮಗ ಒಂದನ್ನು ಇಟ್ಟುಕೊಂಡಿದ್ದಾನೆ. ಸಂರಕ್ಷಿತ ಸ್ಮಾರಕಗಳ ಮೇಲೆ ಅನುಮತಿಯಿಲ್ಲದೆ ಅದನ್ನು ಹಾರಿಸುವಂತಿಲ್ಲ, ಹಾಗಾಗಿ ಹೆಚ್ಚಾಗಿ ಕಪಾಟಿನಲ್ಲೇ ಇರುತ್ತದೆ. ಬೆವರದೆ ತೆಗೆದ ಎತ್ತರದ ಫೋಟೊವನ್ನು ನನ್ನ ಮನಸ್ಸು ಅಷ್ಟಾಗಿ ಒಪ್ಪುವುದಿಲ್ಲ, ಮೊಣಕಾಲು ಒಪ್ಪುತ್ತದೆ. ಡ್ರೋನಿನ ಪೂರ್ವಜರ ಮೇಲೆ ಮಾತ್ರ ನನಗೆ ಪ್ರೀತಿ. ಜರ್ಮನಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಜೂಲಿಯಸ್ ನಾಯ್‌ಬ್ರೋನರ್ ಎಂಬಾತ 1907ರ ಹೊತ್ತಿಗೆ ಪಾರಿವಾಳದ ಎದೆಗೆ ಪುಟ್ಟ ಕ್ಯಾಮೆರಾ ಕಟ್ಟಿ ದೂರ ಒಯ್ದು ಹಾರಿಬಿಟ್ಟ. ಕ್ಯಾಮೆರಾ ತಾನಾಗಿ ಕ್ಲಿಕ್ಕಿಸುತ್ತಿತ್ತು. ಕೆಲವು ಚಿತ್ರಗಳಲ್ಲಿ ಎರಡು ಬದಿಗೂ ರೆಕ್ಕೆಯ ತುದಿಗಳಿವೆ, ನಾವು ತೆಗೆದ ಫೋಟೊದ ಮೂಲೆಯಲ್ಲಿ ಬೆರಳು ಬಂದ ಹಾಗೆ. ಊರು, ತೋಟ, ಕಟ್ಟಡ ಎಲ್ಲ ಅದರಲ್ಲಿ ಬಂದಿವೆ. ಆದರೆ ಪಾರಿವಾಳಕ್ಕೆ ಅದ್ಯಾವುದೂ ಬೇಕಿರಲಿಲ್ಲ, ಅದು ಮನೆ ಹುಡುಕಿಕೊಂಡು ಹೊರಟಿತ್ತು.

ಹಂಪಿಗೂ ಹೋದೆ. ಮತಂಗ ಬೆಟ್ಟದ ಮೇಲಿಂದ ಸೂರ್ಯೋದಯ ನೋಡದಿದ್ದರೆ ಕಣ್ಣಿದ್ದೂ ದಂಡ ಎಂದು ಭಾಮೈದ ಹೇಳಿದ್ದ. ಬೆಳಗಿನ ಜಾವ ಐದಕ್ಕೆ ಮೊಬೈಲಿನ ಬೆಳಕಿನಲ್ಲಿ ಬಂಡೆ ತಡವಿಕೊಂಡು ಹತ್ತಿದರೆ ವೀರಭದ್ರನ ಗುಡಿಯ ಮಾಳಿಗೆಯ ಮೇಲೆ ಆಗಲೇ ಮೂವತ್ತು ಜನ. ಎಲ್ಲರ ಮುಖ ಮೂಡಣಕ್ಕೆ. ಸೂರ್ಯ ಬಂದ, ಎಲ್ಲರೂ ಅವನನ್ನೇ ತೆಗೆದರು. ಹಂಪಿಯ ಸೂರ್ಯನೂ ಹಾಸನದ ಸೂರ್ಯನೂ ಫೋಟೊದಲ್ಲಿ ಒಂದೇ ಎಂದು ಸ್ಟುಡಿಯೊ ಹುಡುಗ ಹೇಳಿಕೊಟ್ಟಿದ್ದನಲ್ಲ, ನಾನು ಎಡಕ್ಕೆ ತಿರುಗಿ ಕೆಳಗೆ ನೋಡಿದೆ. ಅಚ್ಯುತರಾಯನ ದೇವಸ್ಥಾನ. ಓರೆ ಬಿಸಿಲು ಮೊದಲು ಗೋಪುರದ ಇಟ್ಟಿಗೆಯ ತುದಿ ಮುಟ್ಟಿತು, ಆಮೇಲೆ ಮಂಟಪದ ಚಪ್ಪಡಿ, ಆಮೇಲೆ ಮುಂದಿನ ಉದ್ದ ಬೀದಿಯ ಒಂದು ಸಾಲಿನ ಕಂಬಗಳು ಮಾತ್ರ. ಇನ್ನೊಂದು ಸಾಲು ನೆರಳಲ್ಲೇ ಇತ್ತು. ಪ್ರಾಕಾರದ ಗೋಡೆಯ ನೆರಳು ಅಂಗಳದಲ್ಲಿ ಹಿಂದೆ ಸರಿಯುವುದು ಕಣ್ಣಿಗೆ ಕಾಣುವಷ್ಟು ನಿಧಾನ. ಹತ್ತು ನಿಮಿಷ ಕ್ಯಾಮೆರಾ ಮರೆತೇಬಿಟ್ಟೆ.

ಇದೇ ಹಂಪಿಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಕಂಪನಿ ಸೈನ್ಯದ ಅಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿಟ್ಟ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಫೋಟೊ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಿದ್ದ ಕಲ್ಲು ಯಾವುದು, ನಿಂತ ಕಂಬ ಯಾವುದು ಎಂದು ಎಣಿಸಬಹುದು. ಆ ದಿನ ಬೆಟ್ಟ ಇಳಿಯುತ್ತ ನನಗೆ ಹೊಳೆದದ್ದು ಇಷ್ಟೆ: ಗೋಲಿಂಗ್ಸ್‌ಗೆ ಎದುರಿಗೆ ಏನಿದೆ ಎಂದು ಗೊತ್ತಿತ್ತು, ನಿಲ್ಲುವ ಜಾಗ ಹುಡುಕಬೇಕಿತ್ತು. ನನ್ನದು ಉಲ್ಟಾ. ನಿಲ್ಲುವ ಜಾಗ ಖಾತ್ರಿ ಇತ್ತು, ಎದುರಿಗಿರುವ ಮನೆ ಸಿಕ್ಕಿರಲಿಲ್ಲ.

ಊರಿಗೆ ಬಂದು ಹೆಂಡತಿಯ ಹತ್ತಿರ ನಿಜ ಒಪ್ಪಿಕೊಂಡೆ. ಚಾಮುಂಡಿ ಬೆಟ್ಟದ ತುದಿ ಊರಿನ ನೆಲಕ್ಕಿಂತ ಸುಮಾರು 300 ಮೀಟರ್ ಮೇಲೆ; ಅಷ್ಟು ಎತ್ತರದಿಂದ ದಿಗಂತ 60 ಕಿಲೋಮೀಟರಿನಾಚೆ ಇರುತ್ತದೆ. 60 ಕಿಲೋಮೀಟರ್ ಕಾಣುವಲ್ಲಿಂದ ಐದಾರು ಕಿಲೋಮೀಟರ್ ದೂರದ ಕುವೆಂಪುನಗರದ ನಮ್ಮನೆ ಕಾಣುವುದಿಲ್ಲ ಎಂದರೆ ಏನರ್ಥ? ಅವಳು ಯೋಚನೆ ಮಾಡಲೂ ನಿಲ್ಲಲಿಲ್ಲ. "ಬಟ್ಟೆ ಒಣಗಿಸೋವಾಗ ನನಗೆ ದಿನಾ ಬೆಟ್ಟ ಕಾಣುತ್ತೆ. ಇಲ್ಲಿಂದ ಅದು ಕಂಡ ಮೇಲೆ ಅಲ್ಲಿಂದ ಇದು ಕಾಣಲೇಬೇಕು. ನಾಳೆ ಕೆಂಪು ಜಮಖಾನ ಹಾಕ್ತೀನಿ, ಹೋಗಿ ನೋಡಿ."

ಮಾರನೆಯ ದಿನ ಬೆಳಿಗ್ಗೆ ಏಳೂವರೆ. ಬೆನ್ನಿಗೆ ಬಿಸಿಲು, ಮುಂದೆ ಮಳೆ ತೊಳೆದ ಊರು, ಕಿವಿಯಲ್ಲಿ ಫೋನು.

"ಹಾಕಿದೀನಿ. ಕಾಣ್ತಿದೆಯಾ?"

"ತಾಳು, ಹುಡುಕ್ತಿದೀನಿ."

"ಬೇಗ ಹುಡುಕ್ರೀ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

ಎಂಬತ್ತು ಪಟ್ಟಿನ ಜೂಮಿನಲ್ಲಿ ಕೈ ಎಳ್ಳಷ್ಟು ಅಲುಗಿದರೆ ಎರಡು ಬೀದಿ ದಾಟಿಬಿಡುತ್ತೇವೆ. ತಾರಸಿಯಿಂದ ತಾರಸಿಗೆ ಹಾರುತ್ತ ಹೋದೆ. ಸೋಲಾರು, ಸಿಂಟೆಕ್ಸು, ಡಿಶ್ಶು, ತುಳಸಿ ಕಟ್ಟೆ, ಹಪ್ಪಳ, ವ್ಯಾಯಾಮ ಮಾಡುತ್ತಿದ್ದ ಒಬ್ಬ ಮಹಾನುಭಾವರು. ಮೈಸೂರಿನ ಅರ್ಧ ಮನೆಗಳು ಅವತ್ತೇ ಕೆಂಪು ಜಮಖಾನ ಒಗೆದಿದ್ದವು. "ಸ್ವಲ್ಪ ಆಡಿಸು" ಎಂದೆ. ಟ್ಯಾಂಕಿನ ಬಲಕ್ಕೆ, ಎಡಕ್ಕಲ್ಲ ಬಲಕ್ಕೆ, ಮೂರು ಬಡಾವಣೆ ಆಚೆ ಒಂದು ಕೆಂಪು ಚುಕ್ಕೆ ಅಲ್ಲಾಡಿತು. ಬಟನ್ ಒತ್ತಿದೆ.

ಹಾಲು ಉಕ್ಕಿತ್ತು. ಒಲೆ ಒರೆಸಿ ಬಂದು ಫೋಟೊವನ್ನು ಟಿವಿಯಲ್ಲಿ ಬಹಳ ಹೊತ್ತು ನೋಡಿದಳು. ನಡುವಿನ ಗಾಳಿಯ ನಡುಕಕ್ಕೆ ಗೋಡೆಯ ಅಂಚೆಲ್ಲ ಅಲೆಅಲೆಯಾಗಿತ್ತು. ಕೆಂಪು ಬಟ್ಟೆ, ಪಕ್ಕದಲ್ಲಿ ಹಣೆಗೆ ಕೈ ಅಡ್ಡ ಹಿಡಿದ ಹಸಿರು ಸೀರೆ. ಏನೋ ಹೊಗಳುತ್ತಾಳೆ ಎಂದು ಕಾದೆ. "ಸಿಂಟೆಕ್ಸಿನ ಮುಚ್ಚಳ ತೆಗೆದೇ ಇದೆ ನೋಡ್ರೀ, ಕೋತಿ ಬಿದ್ದರೆ ಏನು ಗತಿ" ಎಂದು ಮೆಟ್ಟಿಲು ಹತ್ತಿ ಹೋದಳು.

ಈಗ ನೆಂಟರು ಕೇಳಿದರೆ ಟ್ಯಾಂಕಿನ ಬಲಕ್ಕೆ, ಸರಿಯಾದ ಜಾಗಕ್ಕೇ ಬೆರಳು ತೋರಿಸುತ್ತೇನೆ. ಅವರು ಕಣ್ಣು ಕಿರಿದು ಮಾಡಿಕೊಂಡು, ಬೆರಳ ತುದಿಯನ್ನೇ ನೋಡಿ, "ಹೌದು ಹೌದು" ಎನ್ನುತ್ತಾರೆ.